ಬಾಯಿ ಕಟ್ಟಿದ ಮರಿ

ತಮ್ಮನ ಹೆಂಡತಿಯ ಫೋನು ಬಂದಾಗ ನಾನು ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಚಿತ್ರದುರ್ಗದ ಬಸ್ಸಿಗೆ ಜನ ಹತ್ತಿಸುತ್ತಿದ್ದೆ. ನಾನು ಕಂಡಕ್ಟರ್. ಡ್ಯೂಟಿಯಲ್ಲಿದ್ದಾಗ ಫೋನು ಮಾಡಬೇಡಿ ಎಂದು ಮನೆಯವರಿಗೆಲ್ಲ ತಾಕೀತು ಮಾಡಿದ್ದೇನೆ. ಮಾಡಿದವರು ಬೈಸಿಕೊಳ್ಳುತ್ತಾರೆ. ಆ ಹುಡುಗಿ ಬೈಸಿಕೊಳ್ಳಲು ತಯಾರಾಗಿಯೇ ಮಾಡಿದ್ದಳು.

"ವದಿನಾ, ಕುದುರೆ ಮರಿ ಹಾಕೈತೆ. ಹೆಣ್ಣು ಮರಿ. ಆಗ್ಲೇ ಎದ್ದು ನಿಂತೈತೆ. ಆದ್ರೆ ಮಾವ ಅದರ ಬಾಯಿಗೆ ಕುಕ್ಕೆ ಕಟ್ಟವ್ರೆ. ಹಾಲು ಕುಡಿಯಾಕೆ ಬಿಡವಲ್ರು."

ಕುಕ್ಕೆ ಎಂದರೆ ಕಣದಲ್ಲಿ ಎತ್ತುಗಳು ತೆನೆಗೆ ಬಾಯಿ ಹಾಕದಂತೆ ಮೂತಿಗೆ ಕಟ್ಟುವ ಹಗ್ಗದ ಬಲೆ. ಕಣ ತುಳಿಯುವ ಎತ್ತಿಗೆ ಕಟ್ಟುವುದನ್ನು ಆಗಷ್ಟೇ ಹುಟ್ಟಿದ ಮರಿಯ ಮೂತಿಗೆ ಕಟ್ಟಿದ್ದರು. ಕೇಳಿದ ತಕ್ಷಣ ನನ್ನ ಮೈ ಉರಿಯಿತು. ಹಿಂದೆ ನಿಂತಿದ್ದ ಯಾರೋ "ಚೇಂಜ್ ಕೊಡ್ರಿ ಮೇಡಂ" ಎಂದರು. ಅವರಿಗೂ ಎರಡು ಮಾತು ಬಿದ್ದವು, ಪಾಪ.

ನನ್ನ ತವರು ಮೊಳಕಾಲ್ಮೂರಿನ ನೇಕಾರರ ಮನೆ. ಒಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ, ಸಿಟ್ಟು ಬಂದರೆ ಎರಡೂ. ತಮ್ಮನ ಹೆಂಡತಿ ನನ್ನನ್ನು ವದಿನ ಎನ್ನುತ್ತಾಳೆ; ಗಂಡನ ಅಕ್ಕನನ್ನು ತೆಲುಗಿನಲ್ಲಿ ಹಾಗೇ ಕರೆಯುವುದು. ರೇಷ್ಮೆ ಸೀರೆ ನೇಯುವ ಮನೆಗೂ ಕುದುರೆಗೂ ಏನು ಸಂಬಂಧ ಎಂದರೆ, ಆ ಕುದುರೆ ಅವಳ ಜೊತೆ ಬಂದದ್ದು. ಕೊಂಡ್ಲಹಳ್ಳಿಯಲ್ಲಿ ಅವಳಪ್ಪ ಮದುವೆ ಮೆರವಣಿಗೆಗೆ ಕುದುರೆ ಕಟ್ಟಿಕೊಂಡು ಹೋಗುತ್ತಿದ್ದವರು. ಅವರು ತೀರಿಕೊಂಡ ಮೇಲೆ ಅಣ್ಣಂದಿರು ಯಾರೂ ಅದನ್ನು ಬೇಕೆನ್ನಲಿಲ್ಲ. ಇವಳು ಹಗ್ಗ ಹಿಡಿದು ನಡೆಸಿಕೊಂಡು ಬಂದು ನಮ್ಮ ಹಿತ್ತಲಲ್ಲಿ ಕಟ್ಟಿದಳು. ಮದುವೆ ಸುಗ್ಗಿಯಲ್ಲಿ ನನ್ನ ತಮ್ಮ ಅದಕ್ಕೆ ಜರಿ ಹೊದಿಸಿ, ಮದುಮಕ್ಕಳನ್ನು ಕೂರಿಸಿಕೊಂಡು ರಾಯದುರ್ಗದವರೆಗೂ ಹೋಗುತ್ತಾನೆ. ಮಿಕ್ಕ ದಿನ ಮಗ್ಗ. ಆದರೆ ಕುದುರೆಗೆ ಮೇವು ಹಾಕುವುದು, ಮೈ ತಿಕ್ಕುವುದು, ಗೊರಸಿನ ಕಲ್ಲು ತೆಗೆಯುವುದು ಎಲ್ಲ ಅವಳೇ. ಅದರ ಜೊತೆ ಮಾತಾಡುವಷ್ಟು ಅವಳು ನನ್ನ ತಮ್ಮನ ಜೊತೆಯೂ ಮಾತಾಡುವುದಿಲ್ಲ. ಅವನ ಜೊತೆ ಮಾತಾಡಿ ಪ್ರಯೋಜನವೂ ಇಲ್ಲ ಅನ್ನಿ.

ಕುದುರೆಗೆ ವಯಸ್ಸಾಗಿತ್ತು. ಇದೇ ಕೊನೆಯ ಬಸಿರು, ಇನ್ನು ಸಾಕು ಎಂದು ಪಶು ಡಾಕ್ಟರು ಹೇಳಿಯಾಗಿತ್ತು. ಹಾಗಾಗಿ ಆ ಮರಿ ಅವಳ ಪಾಲಿಗೆ ಬರೀ ಮರಿಯಲ್ಲ. ಅಪ್ಪನ ಮನೆಯಿಂದ ಅವಳಿಗೆ ಉಳಿದದ್ದು ಅದೊಂದೇ. ಹನ್ನೊಂದು ತಿಂಗಳು ಕಾದಿದ್ದಳು. ಅದು ಬದುಕಬೇಕಿತ್ತು. ಅಷ್ಟೇ ಅವಳು ಕೇಳಿದ್ದು, ಬೇರೇನೂ ಕೇಳಿರಲಿಲ್ಲ.

ಕುಕ್ಕೆ ಕಟ್ಟಿದವರು, ಹುಡುಗಿ ಮಾವ ಎನ್ನುವವರು, ನಮ್ಮ ದೊಡ್ಡಪ್ಪ. ಅಪ್ಪ ಇಲ್ಲದ ಮನೆಗೆ ಅವರೇ ಹಿರಿಯರು. ಎಷ್ಟು ಸಿಟ್ಟಿದ್ದರೂ ಬಹುವಚನ ಬಿಡಲು ನನಗೆ ಬಾಯಿ ಬರುವುದಿಲ್ಲ, ಆದ್ದರಿಂದ ಬಹುವಚನದಲ್ಲೇ ಬೈಯುತ್ತೇನೆ. ದೊಡ್ಡಪ್ಪ ಮಗ್ಗದ ಮೇಲೆ ಕೂತದ್ದಕ್ಕಿಂತ ಎಮ್ಮೆಯ ಹಿಂದೆ ಓಡಾಡಿದ್ದೇ ಹೆಚ್ಚು. ಎಮ್ಮೆಯ ವಿಷಯದಲ್ಲಿ ಅವರ ಮಾತಿಗೆ ಬೀದಿಯಲ್ಲಿ ಎದುರು ಮಾತಿಲ್ಲ. ಯಾರ ಮನೆಯ ಎಮ್ಮೆ ಈದರೂ ಅವರನ್ನು ಕರೆಯುತ್ತಾರೆ. ಅವರ ಒಂದು ಕಟ್ಟಳೆ ಇದೆ: ಈದ ಮೇಲೆ ಹೊರಬರುವ ಕಸ, ಅಂದರೆ ಮಾಸು, ಬೀಳುವವರೆಗೆ ಕರುವನ್ನು ಕೆಚ್ಚಲಿಗೆ ಬಿಡಬಾರದು. ಬಿಟ್ಟರೆ ಮಾಸು ಒಳಗೇ ನಿಂತು ತಾಯಿ ಕೊಳೆತು ಸಾಯುತ್ತದೆ ಎಂದು ನಂಬಿಕೆ. ಬಿದ್ದ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಕೊಂಬೆಗೆ ಕಟ್ಟಬೇಕು, ಮರದ ಹಾಲಿನ ಹಾಗೆ ಎಮ್ಮೆಯ ಹಾಲೂ ಸೋರಲಿ ಎಂದು. ಅದಾದ ಮೇಲೆ ಕರು ಬಿಡುವುದು. ಅಷ್ಟರಲ್ಲಿ ಬಿಗಿದ ಕೆಚ್ಚಲಿನ ಮೊದಲ ಹಾಲು, ನಾವು ಜುನ್ನು ಎನ್ನುವ ಗಿಣ್ಣು ಹಾಲು, ಒಂದು ಚೆಂಬು ಹುತ್ತಕ್ಕೆ, ಮಿಕ್ಕದ್ದು ಮನೆಮಂದಿಯ ಹೊಟ್ಟೆಗೆ. ಕರುವಿನ ಪಾಲು ಕೊನೆಗೆ. ಹೀಗೆ ಮಾಡಿ ತಮ್ಮ ಕೊಟ್ಟಿಗೆಯಲ್ಲಿ ಎಷ್ಟು ಕರು ಬದುಕಿದವು ಎಂದು ದೊಡ್ಡಪ್ಪ ಹೆಮ್ಮೆಯಿಂದ ಹೇಳುತ್ತಾರೆ. ಸತ್ತವೂ ಇದ್ದವು, ಚಿಕ್ಕಂದಿನಲ್ಲಿ ನಾನೇ ನೋಡಿದ್ದೇನೆ. ಅವನ್ನು ಹಣೆಬರಹದ ಖಾತೆಗೆ ಹಾಕಿದ್ದಾರೆ.

ಆವತ್ತು ಆ ಎಮ್ಮೆಯ ಕಟ್ಟಳೆಯನ್ನು ಕುದುರೆಗೆ ತಂದರು.

ಹುಡುಗಿ ಸುಮ್ಮನಿರಲಿಲ್ಲ, ಕೇಳಿದ್ದಳಂತೆ: "ಮಾವಾ, ನನ್ ಮಗ ಹುಟ್ಟಿದಾಗ ಆಸ್ಪತ್ರೆ ನರ್ಸಮ್ಮ, ಮೊದಲ್ನೇ ಹಾಲು ಚೆಲ್ಲಬ್ಯಾಡ, ಅದೇ ಮೊದಲ್ನೇ ಲಸಿಕೆ ಅಂತ ಕುಂತು ಕುಡಿಸಿದ್ರು. ಮರಿಗ್ಯಾಕೆ ಬ್ಯಾಡ?"

"ಎಮ್ಮೆ ಕಟ್ಟಿದೋನು ನಾನೋ ನಿನ್ ನರ್ಸಮ್ಮನೋ?" ಎಂದರಂತೆ ದೊಡ್ಡಪ್ಪ. ಅಲ್ಲಿಗೆ ಮಾತು ಮುಗಿಯಿತು. ನಮ್ಮ ಮನೆಯಲ್ಲಿ ಮಾತು ಮುಗಿಯುವುದೇ ಹಾಗೆ.

ನಾನು ತಮ್ಮನಿಗೆ ಫೋನು ಮಾಡಿದೆ. "ಏನೋ ಲೇ, ಹಸಿದ ಕೂಸಿನ ಬಾಯಿ ಕಟ್ಟಿ ನೋಡ್ತಾ ಕುಂತಿದ್ದೀಯಾ? ಬಿಚ್ಚೋ ಅದನ್ನ!"

"ದೊಡ್ಡಪ್ಪ ಹೇಳವ್ರೆ ಕಣಕ್ಕ. ಮಾಸು ಇನ್ನೇನು ಬೀಳ್ತೈತಂತೆ."

"ಬೀಳದಿದ್ರೆ?"

"ಬೀಳ್ತೈತಕ್ಕ."

ನನ್ನ ತಮ್ಮ ಕೆಟ್ಟವನಲ್ಲ. ಕುಡಿಯುವುದಿಲ್ಲ, ಹೆಂಡತಿಗೆ ಕೈ ಎತ್ತುವುದಿಲ್ಲ, ಒಂದೊಂದು ಎಳೆಯನ್ನೂ ಕಣ್ಣಲ್ಲಿ ಕಣ್ಣಿಟ್ಟು ನೇಯುತ್ತಾನೆ. ಆದರೆ ಹಿರಿಯರ ಎದುರು ಅವನಿಗೆ ಬೆನ್ನುಮೂಳೆ ಇರುವುದಿಲ್ಲ. ಒಳ್ಳೆಯ ಗಂಡಸರ ಈ ಮೌನವನ್ನು ಜನ ವಿನಯ ಎನ್ನುತ್ತಾರೆ. ನನಗೆ ಅದನ್ನು ಕಂಡರೆ ಕುಡುಕರಿಗಿಂತ ಹೆಚ್ಚು ಸಿಟ್ಟು. ಕುಡುಕನನ್ನು ಬಸ್ಸಿನಿಂದ ಇಳಿಸಬಹುದು.

ಆ ಹಗಲೆಲ್ಲ ನಾನು ಚಿತ್ರದುರ್ಗದ ದಾರಿಯಲ್ಲಿ ಹಿಂದೆ ಮುಂದೆ ಓಡಾಡಿದೆ. ಮಧ್ಯೆ ಮಧ್ಯೆ ಅವಳ ಫೋನು. ಮರಿ ತಾಯಿಯ ಹೊಟ್ಟೆಯ ಕೆಳಗೆ ಮೂತಿ ತೂರುತ್ತಿದೆ, ಕುಕ್ಕೆ ತಾಗಿ ಮೊಲೆ ಸಿಗುತ್ತಿಲ್ಲ. ತಾಯಿಯ ಕೆಚ್ಚಲು ತಾನಾಗಿ ಸೋರಿ ಹಿಂಗಾಲು ಅಂಟಂಟಾಗಿದೆ. ಕೆಚ್ಚಲು ಹಗುರಾಗಲಿ ಎಂದು ಮಾವ ಹಿಂಡಿದರು, ಹಳದಿ ಬಣ್ಣದ ದಪ್ಪ ಹಾಲು, ಹುತ್ತಕ್ಕೆ ಎರೆದು ಬಂದರು. ಮರಿ ಕಾಲು ಸೋತು ಮಲಗಿತು. ಬಾಯಾರಬಾರದೆಂದು ಕುಕ್ಕೆಯ ಸಂದಿಯಿಂದ ಬೆರಳಲ್ಲಿ ಬೆಲ್ಲದ ನೀರು ನೆಕ್ಕಿಸಿದರು. ಮಾಸು ಇನ್ನೂ ಬಿದ್ದಿಲ್ಲ.

ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಎಂದು ಗಾದೆ ಹೇಳುತ್ತಾರೆ. ದೇವರು ಮೇಯಿಸಲಿಲ್ಲ, ಹಾಲನ್ನೇ ಇಟ್ಟು ಕಳಿಸಿದ್ದ. ಕುಕ್ಕೆ ಕಟ್ಟಿದ್ದು ನಾವು.

ಸಂಜೆಯದು ನನಗೆ ಮೊಳಕಾಲ್ಮೂರಿನ ಬಸ್ಸು, ಅಲ್ಲೇ ರಾತ್ರಿ ನಿಲ್ಲುತ್ತದೆ. ಆ ಬಸ್ಸಿಗೆ ದಾರಿಯಲ್ಲಿ ಒಬ್ಬ ಪಶು ಡಾಕ್ಟರಮ್ಮ ದಿನವೂ ಹತ್ತುತ್ತಾರೆ. ಟಿಕೆಟ್ ಕೊಡುವುದನ್ನೂ ಬಿಟ್ಟು ಅವರಿಗೆ ಎಲ್ಲ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಮರಿ ಹುಟ್ಟಿ ಎಷ್ಟು ಹೊತ್ತಾಯ್ತು?" ಬೆಳಗಿನ ಜಾವ ಎಂದೆ. ಅವರು ಕಿಟಕಿಯ ಆಚೆ ನೋಡಿದರು, ಹೊತ್ತು ಮುಳುಗುತ್ತಿತ್ತು.

"ಮನುಷ್ಯರ ಮಗೂಗೆ ಹೊಟ್ಟೇಲಿ ಇದ್ದಾಗ್ಲೇ ತಾಯಿ ಒಂದಿಷ್ಟು ರೋಗ ತಡೆಯೋ ಶಕ್ತಿ ಕೊಟ್ಟಿರ್ತಾಳೆ," ಎಂದರು. "ಕುದುರೆ ಮರಿ ಬರಿಗೈಲಿ ಹುಟ್ಟುತ್ತೆ. ಎಮ್ಮೆ ಕರುವೂ ಅಷ್ಟೆ. ಅವಕ್ಕೆ ತಾಯಿ ಕೊಡೋದೆಲ್ಲ ಮೊದಲ ಹಾಲಲ್ಲೇ. ಅದನ್ನ ರಕ್ತಕ್ಕೆ ಬಿಟ್ಕೊಳ್ಳೋ ಬಾಗಿಲು ಕರುಳಲ್ಲಿ ಹುಟ್ಟಿದ ಹೊಸದರಲ್ಲಿ ಮಾತ್ರ ತೆರೆದಿರುತ್ತೆ. ಗಂಟೆ ಗಂಟೆಗೂ ಮುಚ್ಚುತ್ತಾ ಬರುತ್ತೆ. ಒಂದು ದಿನ ಕಳೀತು ಅಂದ್ರೆ ಕೊಡಗಟ್ಟಲೆ ಕುಡಿಸಿದ್ರೂ ಹೊಟ್ಟೆ ತುಂಬುತ್ತೆ, ರಕ್ಷಣೆ ಸಿಗಲ್ಲ."

"ಮತ್ತೆ ಮಾಸು?"

"ಮರಿ ಚೀಪಿದ್ರೆ ಮಾಸು ಬೇಗ ಬೀಳುತ್ತೆ ಕಣ್ರೀ. ನಿಲ್ಲಲ್ಲ."

ಆ ಒಂದು ಮಾತು ಕೇಳಿ ನನಗೆ ಬಸ್ಸು ಎಷ್ಟು ನಿಧಾನ ಎನ್ನಿಸಿತೆಂದರೆ, ಕೈ ಎತ್ತಿದವರಿಗೆ ಅವತ್ತು ನಾನು ಬಸ್ಸು ನಿಲ್ಲಿಸಲೇ ಇಲ್ಲ. ಬೈದುಕೊಂಡಿರುತ್ತಾರೆ, ಬೈದುಕೊಳ್ಳಲಿ.

ಡಾಕ್ಟರಮ್ಮನನ್ನು ಕರೆದುಕೊಂಡು ಹಿತ್ತಲಿಗೆ ನುಗ್ಗಿದೆ. ದೊಡ್ಡಪ್ಪ ಕುದುರೆಯ ಹಿಂದೆ ಗೋಡೆಗೊರಗಿ ಕೂತಿದ್ದರು, ಕೈಯಲ್ಲಿ ಮಾಸು ಸುತ್ತಲು ಹುಲ್ಲಿನ ಕಂತೆ. ನಾನು ಬಾಯಿ ತೆರೆಯುವ ಮುಂಚೆಯೇ ಗೋಡೆಯಾಚೆಯಿಂದ ಪಕ್ಕದ ಮನೆಯ ಅಜ್ಜಿ ಕೂಗಿ ಹೇಳಿದರು. ಸದ್ದು ಕೇಳಿ ಬಂದು, ಎಲ್ಲರೂ ಏನು ಕಾಯುತ್ತಿದ್ದಾರೆಂದು ಆಗಷ್ಟೇ ತಿಳಿದುಕೊಂಡಿದ್ದರು.

"ಮಾಸಾ? ಅಯ್ಯೋ, ಬೆಳಗ್ಗೇನೇ ನಿಮ್ ನಾಯಿ ಅದೇನೋ ಎಳ್ಕಂಡು ಹೋಯ್ತಲ್ಲ! ನಮ್ ಬಚ್ಚಲ ಹಿಂದೆ ಕುಂತು ತಿಂತು. ಕುರಿ ಕರುಳೇನೋ ಅಂದ್ಕಂಡೆ ನಾನು."

ಬೆಳಗ್ಗೆ ಹುಡುಗಿ ಒಳಗೆ ನನಗೆ ಫೋನು ಮಾಡುತ್ತಿದ್ದಾಗ, ದೊಡ್ಡಪ್ಪ ಸ್ನಾನಕ್ಕೆ ಹೋಗಿದ್ದಾಗ ಬಿದ್ದಿತ್ತು. ಕಾವಲಿಗೆ ಕೂರುವ ಮುಂಚೆ ಮಡಿಯಾಗಿ ಬರುತ್ತೇನೆಂದು ಹೋಗಿದ್ದರು. ಮಡಿಯಾಗಿ ಬಂದು, ನಾಯಿಯ ಹೊಟ್ಟೆ ಸೇರಿ ಅರಗಿದ್ದನ್ನು ಹಗಲೆಲ್ಲ ಕಾದು ಕೂತಿದ್ದರು. ಬಚ್ಚಲ ಹಿಂದೆ ಮಿಕ್ಕ ಚೂರನ್ನು ಡಾಕ್ಟರಮ್ಮ ಕೋಲಿನಲ್ಲಿ ಎತ್ತಿ ತೋರಿಸಿದರು. ನಾನೇ ಹೋಗಿ ಕುಕ್ಕೆ ಕಿತ್ತೆ. ಮರಿಯನ್ನು ಎತ್ತಿ ನಿಲ್ಲಿಸಿ ಮೊಲೆಗೆ ಹಿಡಿಸಲು ನಾನೂ ಹುಡುಗಿಯೂ ಇಬ್ಬರೂ ಬೇಕಾಯಿತು. ಕುಡಿಯಿತು. ಡಾಕ್ಟರಮ್ಮ ಅಂಗೈಗೆ ಎರಡು ತೊಟ್ಟು ಹಿಂಡಿ ನೋಡಿದರು, ಹಾಲು ತೆಳ್ಳಗೆ, ಬೆಳ್ಳಗೆ ಇತ್ತು. ಗಿಣ್ಣು ಮುಗಿದುಹೋಗಿತ್ತು. ಅದನ್ನು ಹುತ್ತ ಕುಡಿದಿತ್ತು, ನೆಲ ಕುಡಿದಿತ್ತು.

"ಇನ್ನೊಂದು ದಾರಿ ಇದೆ," ಎಂದರು ಡಾಕ್ಟರಮ್ಮ. "ಆರೋಗ್ಯವಾಗಿರೋ ಬೇರೆ ಕುದುರೆಯ ರಕ್ತ ತೆಗೆದು, ಕೆಂಪು ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನ ಮರಿಯ ನರಕ್ಕೆ ಕೊಡಬೇಕು. ರೋಗ ಬರೋ ಮುಂಚೆ ಕೊಡಬೇಕು. ನಾಳೆಯೇ ಮಾಡೋಣ."

ದೊಡ್ಡಪ್ಪ ಒಪ್ಪಲಿಲ್ಲ. ನಾಯಿಯ ವಿಷಯದಲ್ಲಿ ಹೋದ ಮಾನವನ್ನು ರಕ್ತದ ವಿಷಯದಲ್ಲಿ ಉಳಿಸಿಕೊಳ್ಳಬೇಕಿತ್ತಲ್ಲ. "ಯಾರದೋ ಕುದುರೆ ರಕ್ತ ನಮ್ ಮರಿಗೆ ಹತ್ತಾಕಿಲ್ಲ. ಕುಡೀತೈತಲ್ಲ, ಇನ್ನೇನು ರೋಗ?" ಎಂದರು. ನಾನು ಕೂಗಾಡಿದೆ. ನನ್ನತ್ತ ತಿರುಗಿ, "ನೀನು ಬಸ್ಸಲ್ಲಿ ಸೀಟಿ ಊದು ಹೋಗಮ್ಮ. ಕೊಟ್ಟ ಹೆಣ್ಣಿಗೆ ಈ ಮನೆ ಉಸಾಬರಿ ಬ್ಯಾಡ" ಎಂದರು. ನನ್ನ ತಮ್ಮ ಹಿತ್ತಲ ಬಾಗಿಲ ಒಳಗೆ, ನೇಯುವವರು ಕಾಲಿಡುವ ಮಗ್ಗದ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಅವನ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವನು ತನ್ನ ಕಾಲನ್ನು ನೋಡಿಕೊಂಡ.

ಮಾರನೆಯ ದಿನ ಮರಿ ಹಿತ್ತಲ ತುಂಬ ಕುಣಿಯಿತು. ಅದರ ಮಾರನೆಯ ದಿನವೂ. ಬಾಲ ಎತ್ತಿ, ಉದ್ದ ಕಾಲು ಎಸೆದು, ಬೇವಿನ ಮರ ಸುತ್ತಿ ಬಂದು ತಾಯಿಗೆ ಡಿಕ್ಕಿ ಹೊಡೆಯಿತು. ದೊಡ್ಡಪ್ಪ ಬೀದಿಯವರನ್ನು ಕರೆದು ತೋರಿಸಿದರು. "ಡಾಕ್ಟ್ರು ಏನೋ ಸತ್ತೇ ಹೋಗ್ತೈತೆ ಅಂದ್ರು, ನೋಡ್ರಪ್ಪ!" ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಮರಿಯ ನಾಲ್ಕೂ ಕಾಲು ಕುಣಿಯುವುದು ಸಿಕ್ಕಿಬಿಟ್ಟಿತ್ತು. ನನಗೇ ಒಂದು ಗಳಿಗೆ, ಡಾಕ್ಟರಮ್ಮನ ಮಾತು ತಪ್ಪಿರಲಿ ಎಂದು ಆಸೆಯಾಯಿತು. ಸೋತು ತಲೆ ತಗ್ಗಿಸಿಕೊಂಡು ಹೋಗಲು ನಾನು ಸಂತೋಷವಾಗಿ ಸಿದ್ಧಳಿದ್ದೆ.

ಆಮೇಲೆ ಹೊಕ್ಕುಳು ಒದ್ದೆಯಾಯಿತು. ಮುಂಗಾಲಿನ ಮಂಡಿ ಊದಿತು, ಮುಟ್ಟಿದರೆ ಸುಡುತ್ತಿತ್ತು. ನೀರಿನ ಹಾಗೆ ಭೇದಿ. ಮರಿ ಮೊಲೆಯ ಹತ್ತಿರ ಹೋಗಿ ತಲೆ ತಗ್ಗಿಸಿ ನಿಲ್ಲುತ್ತಿತ್ತು, ಕುಡಿಯುತ್ತಿರಲಿಲ್ಲ. ತಾಯಿ ಮೂತಿಯಿಂದ ಅದನ್ನು ಹಿಂದಿನಿಂದ ತಳ್ಳುತ್ತಿತ್ತು. ಕೊಟ್ಟಿಗೆಯ ಮಣ್ಣಿನಲ್ಲಿ ಎಲ್ಲ ಮರಿಗಳೂ ಉರುಳುತ್ತವೆ, ಎಲ್ಲವೂ ಏನೇನೋ ನೆಕ್ಕುತ್ತವೆ. ಬೇರೆ ಮರಿಗಳ ಮೈಯಲ್ಲಿ ಅದನ್ನು ತಡೆಯುವುದೊಂದಿರುತ್ತದೆ. ಇದರ ಮೈಯಲ್ಲಿ ಏನೂ ಇರಲಿಲ್ಲ, ನಾವು ಇರಗೊಡಲಿಲ್ಲ.

ಈಗ ಹುಡುಗಿ ಯಾರನ್ನೂ ಕೇಳಲಿಲ್ಲ. ಡಾಕ್ಟರಮ್ಮನಿಗೂ ನನಗೂ ತಾನೇ ಫೋನು ಮಾಡಿದಳು. ಚಳ್ಳಕೆರೆಯಲ್ಲಿ ಮೆರವಣಿಗೆಗೆ ಕುದುರೆ ಕೊಡುವ ಒಬ್ಬ ಸಾಬರನ್ನು ನಾನು ಬಲ್ಲೆ. ನನ್ನ ತಮ್ಮನಿಗೆ ಅವರು ಎದುರಾಳಿ. ಒಂದೇ ಮದುವೆಗೆ ಇಬ್ಬರೂ ಹೋಗಿ ಕೇಳುವವರು. ಹೋಗಿ ವಿಷಯ ಹೇಳಿದೆ. ಸಾಬರು ಆಗಲೇ ತಮ್ಮದೇ ಗಟ್ಟಿಮುಟ್ಟಾದ ಗಂಡು ಕುದುರೆಯನ್ನು ಸಣ್ಣ ಲಾರಿಗೆ ಹತ್ತಿಸಿಕೊಂಡು ಮೊಳಕಾಲ್ಮೂರಿಗೆ ಬಂದುಬಿಟ್ಟರು.

"ಖೂನ್ ಎಷ್ಟು ಬೇಕೋ ತಗೊಳ್ರಿ ಡಾಕ್ಟ್ರಮ್ಮ," ಎಂದು ಕುದುರೆಯ ಕತ್ತು ತಬ್ಬಿ ಹಿಡಿದು ನಿಂತರು. "ಬಚ್ಚಾ ಅಲ್ವಾ, ಯಾರ್ದಾದ್ರೇನು." ಆಮೇಲೆ ನಮ್ಮ ಕಡೆ ತಿರುಗಿ ಕೇಳಿದರು, "ಮೊದಲ್ನೇ ಹಾಲು ಯಾಕೆ ಕೊಡ್ಲಿಲ್ಲ?"

ಅದಕ್ಕೆ ಉತ್ತರ ಹೇಳಬೇಕಾದವರು ಅಷ್ಟು ಹೊತ್ತಿಗೆ ಬೀದಿಯ ಕಟ್ಟೆಗೆ ಹೋಗಿ ಕೂತಿದ್ದರು.

ಬಾಟಲಿಗಳಲ್ಲಿ ರಕ್ತ ತಿಳಿಯಾಗುವವರೆಗೆ ಕಾದು, ಬೇವಿನ ಕೊಂಬೆಗೆ ಬಾಟಲಿ ಕಟ್ಟಿ ಡಾಕ್ಟರಮ್ಮ ಸೂಜಿ ಹಾಕಿದರು, ಔಷಧಿಯನ್ನೂ ಕೊಟ್ಟರು. ಹುಡುಗಿ ಮರಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಬಾಟಲಿ ಖಾಲಿಯಾದ ಸ್ವಲ್ಪ ಹೊತ್ತಿಗೆ ಮರಿ ಕಿವಿ ಆಡಿಸಿತು, ಎದ್ದು ನಾಲ್ಕು ಗುಟುಕು ಕುಡಿಯಿತು. ಅವಳು ನಕ್ಕಳು. ಆ ವಾರದಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಆಸೆ ಇಟ್ಟುಕೊಳ್ಳಬೇಡಿ, ನಂಜು ರಕ್ತಕ್ಕೆ ಇಳಿದಾಗಿದೆ ಎಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ದೆವು. ಮರುದಿನ ಬಿಸಿಲೇರುವ ಹೊತ್ತಿಗೆ ಮರಿ ಸತ್ತಿತು.

ಅದನ್ನು ಹಳ್ಳದ ದಂಡೆಯಲ್ಲಿ ಹೂತು ಬಂದೆವು. ತಾಯಿ ಕುದುರೆ ಹಿತ್ತಲಲ್ಲಿ ಸುತ್ತುತ್ತ ಕೆನೆಯುತ್ತಿತ್ತು, ಕೆಚ್ಚಲು ಮತ್ತೆ ಬಿಗಿದು ಹಾಲು ಸೋರುತ್ತಿತ್ತು. ಬಂದವರಿಗೆಲ್ಲ ದೊಡ್ಡಪ್ಪ ಹೇಳುತ್ತಿದ್ದರು: "ಅದರ ಹಣೇಲಿ ಅಷ್ಟೇ ಬರ್ದಿತ್ತು. ತಾಯಿನಾದ್ರೂ ಉಳಿಸ್ಕಂಡ್ವಲ್ಲ. ಮೊದಲೇ ಕುಡಿಸಿದ್ರೆ ಎರಡೂ ಹೋಗ್ತಿದ್ವು." ಜನ ಹೌದೌದು ಎಂದರು. ಹಾಳಾಗಲಿ, ಸಾವಿನ ಮನೆಯಲ್ಲಿ ಹೌದು ಎನ್ನುವುದು ಸೌಜನ್ಯ ಅಂದುಕೊಂಡೆ. ಆದರೆ ಆ ಹೌದುಗಳೇ ಮುಂದಿನ ಕರುವಿನ ಬಾಯಿಗೂ ಕುಕ್ಕೆಯಾಗುತ್ತವೆ ಎಂದು ನನಗೆ ಗೊತ್ತಿತ್ತು. ಹಣೆಬರಹ ಎನ್ನುವ ಪದವನ್ನು ಅಂದಿನಿಂದ ನಾನು ಬಾಯಲ್ಲಿ ಆಡಿಲ್ಲ. ಹಣೆಯಲ್ಲಿ ಏನೂ ಬರೆದಿರಲಿಲ್ಲ. ಆ ಮರಿಯ ಹಣೆಯ ಮೇಲೆ ಇದ್ದದ್ದು ಒಂದು ಬಿಳಿ ಚುಕ್ಕೆ.

ಮೊನ್ನೆ ಹಿಂಗಾರು ಬಿತ್ತನೆಯ ಹೊತ್ತಿಗೆ ದೊಡ್ಡಪ್ಪನ ಎಮ್ಮೆ ಈದಿತು. ನನಗೆ ಅಂದು ರಜೆ, ತವರಿಗೆ ಹೋಗಿದ್ದೆ. ಕರುವನ್ನು ದೂರದ ಗೂಟಕ್ಕೆ ಕಟ್ಟಿ, ದೊಡ್ಡಪ್ಪ ಹುಲ್ಲಿನ ಕಂತೆ ಹಿಡಿದು ಎಮ್ಮೆಯ ಹಿಂದೆ ಕೂತಿದ್ದರು. ಒಂದು ವ್ಯತ್ಯಾಸವಿತ್ತು, ಈ ಸಲ ನಾಯಿಯನ್ನೂ ಕಟ್ಟಿಹಾಕಿದ್ದರು. ಅವರು ಕಲಿತ ಪಾಠ ಅಷ್ಟೇ. ನಾನು ಸೆರಗು ಸಿಕ್ಕಿಸಿ ಜಗಳಕ್ಕೆ ಸಿದ್ಧಳಾದೆ.

ಜಗಳ ಆಗಲೇ ಇಲ್ಲ. ತಮ್ಮನ ಹೆಂಡತಿ ಮಗ್ಗದ ಕೋಣೆಯಿಂದ ಬಂದಳು, ಸೀದಾ ಗೂಟದ ಹತ್ತಿರ ಹೋಗಿ ಬಗ್ಗಿ ಕರುವಿನ ಹಗ್ಗ ಬಿಚ್ಚಿದಳು, ಕಿವಿ ಹಿಡಿದು ತಂದು ಕೆಚ್ಚಲಿಗೆ ಬಿಟ್ಟಳು. "ಏಯ್! ಏನ್ ಮಾಡ್ತಿದ್ದೀಯಾ? ಮಾಸು ಬಿದ್ದಿಲ್ಲ!" ಎಂದು ದೊಡ್ಡಪ್ಪ ಎದ್ದರು.

"ಬೀಳ್ತೈತೆ ಬಿಡ್ರಿ ಮಾವ," ಎಂದಳು ಅವಳು, ಕರುವಿನ ಬಾಯಿಗೆ ಮೊಲೆ ಇಡುತ್ತ. ದನಿ ಏರಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ನನ್ನ ತಮ್ಮ ಬಾಗಿಲಲ್ಲಿ ನಿಂತಿದ್ದ. ಎಂದಿನಂತೆ ಏನೂ ಹೇಳಲಿಲ್ಲ, ಆದರೆ ಈ ಸಲ ಅವನ ಸುಮ್ಮನಿರುವಿಕೆಯನ್ನು ಅವಳು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕರು ಬಾಲ ಅಲ್ಲಾಡಿಸುತ್ತ ನೊರೆ ಬರುವಂತೆ ಚೀಪಿತು. ಅದು ಇನ್ನೂ ಕುಡಿಯುತ್ತಿರುವಾಗಲೇ ಎಮ್ಮೆ ಒಮ್ಮೆ ತಿಣುಕಿತು, ಮಾಸು ದೊಪ್ಪೆಂದು ಬಿತ್ತು.

"ನಾನ್ ಹೇಳ್ಲಿಲ್ವಾ, ಇನ್ನೇನು ಬೀಳ್ತೈತೆ ಅಂತ!" ಎಂದರು ದೊಡ್ಡಪ್ಪ, ಹುಲ್ಲು ಹಿಡಿದು ಓಡುತ್ತ.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಕರುವಿಗಾಗಿ ಸಂತೋಷವಾಗಬೇಕಿತ್ತು, ಅದೂ ಆಗಲಿಲ್ಲ. ಹುಡುಗಿ ಕರುವಿನ ಬೆನ್ನ ಮೇಲೆ ಕೈ ಇಟ್ಟುಕೊಂಡು ಅಳುತ್ತಿದ್ದಳು. ನಾನು ಹತ್ತಿರ ಹೋದಾಗ ಕಣ್ಣು ಒರೆಸಿಕೊಳ್ಳದೆ ಹೇಳಿದಳು: "ಬರೀ ಒಂದು ಗಂಟು, ವದಿನಾ. ಎಳೆದ್ರೆ ಬಿಚ್ಕೊಂಡು ಬಂತು."